ಮೂರನೇ ಹಳಿ: ಬ್ರೈಟನ್ ಕಡಲತೀರದ ವೋಲ್ಕ್ ರೈಲು ನಮ್ಮ ಅಂಗಳದಲ್ಲಿ

ಮೂರು ತಿಂಗಳಿಂದ ರಜೆ ಸಿಕ್ಕಿದಾಗಲೆಲ್ಲ ನನಗೆ ಇದೊಂದೇ ಕೆಲಸ. ಅಂಗಳದ ಮೂಲೆಯಲ್ಲಿ 2.4 ಮೀಟರ್ ಹಳಿ, ಅದರ ಮೇಲೆ ಮೊಳಕ್ಕೆ ತುಸು ಕಡಿಮೆ ಉದ್ದದ ಒಂದು ವಿದ್ಯುತ್ ಗಾಡಿ. ನಿನ್ನೆ ಸಂಜೆ ಅದು ಉಪ್ಪುನೀರಿನಲ್ಲಿ ಒದ್ದೆಯಾದ ಹಳಿಯ ಮೇಲೆ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗಿ ಬಂತು. ಅಲ್ಲಿಗೆ ತಲುಪಲು ಮಾಡಿದ್ದು, ಕೆಡಿಸಿದ್ದು, ಮತ್ತೆ ಕಟ್ಟಿದ್ದು ಎಲ್ಲವನ್ನೂ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಓದಲಿಕ್ಕೆಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಒಂದು ವರ್ಷ ಇದ್ದೆ. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದವನಿಗೆ ಆ ಊರಿನ ಕಡಲು ಮೊದಲು ಹಿಡಿಸಲೇ ಇಲ್ಲ. ಮರಳಿಲ್ಲ, ಬರೀ ಬೆಣಚುಕಲ್ಲು. ಅಲೆ ಹಿಂದೆ ಸರಿಯುವಾಗ ಗೋಣಿಯಿಂದ ಅಡಿಕೆ ಸುರಿದ ಹಾಗೆ ಸದ್ದು. ಆ ಕಲ್ಲುಗಳ ಮಗ್ಗುಲಲ್ಲೇ ಒಂದು ಪುಟ್ಟ ರೈಲು ಓಡುತ್ತದೆ. ಕಂದು ಮತ್ತು ಹಳದಿ ಬಣ್ಣ, ಮರದ ಬೆಂಚು, ಬದಿಯಲ್ಲಿ ಕೈ ಚಾಚಿದರೆ ಗಾಳಿ. ಅಕ್ವೇರಿಯಂ ನಿಲ್ದಾಣದಲ್ಲಿ ಹತ್ತಿದರೆ ನಡುದಾರಿಯಲ್ಲಿ ಅದರ ಶೆಡ್ಡು, ಕೊನೆಗೆ ಬ್ಲ್ಯಾಕ್ ರಾಕ್. ಎಲ್ಲ ಸೇರಿ ಒಂದು ಮೈಲಿ. ನಡೆದು ಹೋಗುವವರಿಗಿಂತ ಸ್ವಲ್ಪ ಬೇಗ, ಸೈಕಲ್ಲಿಗಿಂತ ನಿಧಾನ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಓಡುತ್ತದೆ. ಮೊದಲ ಸಲ ಕೂತಾಗ ಹಬ್ಬದ ಪೇಟೆಯ ಆಟದ ರೈಲು ಎಂದುಕೊಂಡಿದ್ದೆ. ಇಳಿದ ಮೇಲೆ ಫಲಕ ಓದಿ ಅಲ್ಲೇ ನಿಂತುಬಿಟ್ಟೆ. ಇಂದಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಇದಕ್ಕಿಂತ ಹಳೆಯದು ಜಗತ್ತಿನಲ್ಲಿ ಇನ್ನೊಂದಿಲ್ಲ. 1883ರ ಆಗಸ್ಟಿನಲ್ಲಿ ಶುರುವಾದದ್ದು.

ಕಟ್ಟಿದವರು ಮ್ಯಾಗ್ನಸ್ ವೋಲ್ಕ್. ಊರಿನವರು ಇವತ್ತಿಗೂ ಅದನ್ನು ವೋಲ್ಕ್ಸ್ ಎಂದೇ ಕರೆಯುತ್ತಾರೆ. 1851ರಲ್ಲಿ ಬ್ರೈಟನ್‌ನಲ್ಲೇ ಹುಟ್ಟಿದವರು, ತಂದೆ ಜರ್ಮನಿಯಿಂದ ಬಂದು ನೆಲೆಸಿದ ಗಡಿಯಾರ ತಯಾರಕ. ಇಷ್ಟು ಹೇಳಿದ್ದೇ ತಡ, ನಮ್ಮ ದೊಡ್ಡಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. ಅವರದು ನಲವತ್ತು ವರ್ಷದಿಂದ ಗಡಿಯಾರ ರಿಪೇರಿ.

“ಗಡಿಯಾರದವನ ಮಗನಾ? ಹಾಗಾದ್ರೆ ಕೈ ಸುಮ್ಮನೆ ಇರ್ಲಿಕ್ಕೆ ಕೇಳ್ಲಿಕ್ಕಿಲ್ಲ. ಮುಂದೆ ಹೇಳು.”

ದೊಡ್ಡಪ್ಪ ಈ ಕೆಲಸಕ್ಕೆ ಬಂದು ಸೇರಿದ್ದು ಹಾಗೆ.

ಅಳತೆಯಿಂದ ಶುರು ಮಾಡಿದೆವು. ವೋಲ್ಕ್ ಅವರ ಮೊದಲ ಹಳಿ ಬರೀ ಕಾಲು ಮೈಲಿ, 2 ಅಡಿ ಅಗಲ. ಮರುವರ್ಷವೇ, 1884ರಲ್ಲಿ, ಪೂರ್ವಕ್ಕೆ ಉದ್ದ ಮಾಡಿ ಅಗಲವನ್ನೂ ಹೆಚ್ಚಿಸಿದರು. ಈಗಿರುವ ಹಳಿಯ ಅಗಲ 2 ಅಡಿ 8½ ಇಂಚು, ಅಂದರೆ 825 ಮಿ.ಮೀ. ನಾನು 45 ಮಿ.ಮೀ. ಇಟ್ಟುಕೊಂಡೆ. ಸುಮಾರು 18ರಲ್ಲಿ ಒಂದು ಪಾಲು. ಗಾಡಿಯ ಮೈ ನಾನು ಕೂತು ನೋಡಿದ ಈಗಿನ ಗಾಡಿಯಂತೆ. ಆದರೆ ಕರೆಂಟಿನ ವ್ಯವಸ್ಥೆ ಮಾತ್ರ ವೋಲ್ಕ್ ಮೊದಲು ಮಾಡಿದ ಹಾಗೆಯೇ ಆಗಬೇಕು ಎಂದು ಹಠ ಹಿಡಿದೆ. ಈ ಇಡೀ ಕೆಲಸ ಹುಟ್ಟಿದ್ದೇ ಆ ಹಠದಿಂದ.

ಆ ವ್ಯವಸ್ಥೆ ಕೇಳಲು ಬಹಳ ಸರಳ. ಮೇಲೆ ತಂತಿ ಇಲ್ಲ. ಒಂದು ಹಳಿ ಧನ, ಇನ್ನೊಂದು ಋಣ. ಈ ಕಡೆಯ ಚಕ್ರದಿಂದ ಕರೆಂಟು ಹತ್ತಿ, ಮೋಟಾರಿನೊಳಗೆ ಹೋಗಿ, ಆ ಕಡೆಯ ಚಕ್ರದಿಂದ ಇಳಿಯುತ್ತದೆ. 1883ರಲ್ಲಿ ಗ್ಯಾಸ್ ಎಂಜಿನ್ ಒಂದು ಸೀಮನ್ಸ್ ಡೈನಮೋವನ್ನು ತಿರುಗಿಸುತ್ತಿತ್ತು, ಹಳಿಗೆ 50 ವೋಲ್ಟ್. ಉದ್ದ ಮಾಡಿದ ಮೇಲೆ 160 ವೋಲ್ಟ್. ಬರ್ಲಿನ್ ಹತ್ತಿರ 1881ರಲ್ಲಿ ಸೀಮನ್ಸ್ ಓಡಿಸಿದ ಟ್ರಾಮು ಕೂಡ ಹೀಗೇ ಎರಡು ಹಳಿಗಳಿಂದಲೇ ಕರೆಂಟು ಪಡೆಯುತ್ತಿತ್ತು. ವ್ಯತ್ಯಾಸ ಒಂದೇ. ಬರ್ಲಿನ್‌ನಲ್ಲಿ ಕಡಲಿಲ್ಲ.

ಚಕ್ರಗಳನ್ನು ಲೇತ್ ಅಂಗಡಿಯಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದೆ, 30 ಮಿ.ಮೀ. ವ್ಯಾಸ. ಮೋಟಾರು 12 ವೋಲ್ಟಿನ ಗೇರ್ ಮೋಟಾರು, ನಿಮಿಷಕ್ಕೆ 100 ಸುತ್ತು. ಈ ಲೆಕ್ಕ ಮೊದಲೇ ಹಾಕಿಕೊಂಡಿದ್ದೆ: ಒಂದು ಸುತ್ತಿಗೆ 94 ಮಿ.ಮೀ. ಎಂದರೆ ನಿಮಿಷಕ್ಕೆ 9.4 ಮೀಟರ್. ಅದನ್ನು 18.3ರಿಂದ ಗುಣಿಸಿದರೆ ಗಂಟೆಗೆ 10 ಕಿ.ಮೀ. ಆಸುಪಾಸು. ವೋಲ್ಕ್ ಅವರ ಮೊದಲ ಗಾಡಿಯ ವೇಗವೂ ಅಷ್ಟೇ, ಗಂಟೆಗೆ 6 ಮೈಲಿ. ಅಂಗಡಿಯಲ್ಲಿ 300 ಸುತ್ತಿನದು ಕೈಗೆ ಕೊಟ್ಟು “ಇದು ಚೆನ್ನಾಗಿ ಓಡ್ತದೆ” ಅಂದರು. ಬೇಡ ಎಂದೆ. ಈ ಗಾಡಿಯ ಸೊಗಸೇ ಅದರ ನಿಧಾನದಲ್ಲಿ ಇರುವುದು.

ಮೈಗೆ ಹಳೆಯ ಬಾಗಿಲು ಚೌಕಟ್ಟಿನ ತೇಗದ ತುಂಡು, ಮಾಡಿಗೆ 2 ಮಿ.ಮೀ. ಪ್ಲೈವುಡ್. ಬೆಂಚುಗಳನ್ನು ಕೂರಿಸಲು ಎರಡು ಭಾನುವಾರ ಹೋಯಿತು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ, ಮರಗೆಲಸ ಗೊತ್ತಿದ್ದವರು ಒಂದೇ ದಿನದಲ್ಲಿ ಮುಗಿಸುತ್ತಾರೆ.

ಹಳಿಗೆ ಹಿತ್ತಾಳೆ ಪಟ್ಟಿ, 6 ಮಿ.ಮೀ. ಎತ್ತರ, 3 ಮಿ.ಮೀ. ದಪ್ಪ. ಸ್ಲೀಪರಿಗೆ, ಅಂದರೆ ಹಳಿಯ ಕೆಳಗೆ ಅಡ್ಡ ಇಡುವ ತುಂಡುಗಳಿಗೆ, ಅಡಿಕೆ ದಬ್ಬೆ ಸೀಳಿ 60 ತುಂಡು ಮಾಡಿದೆ. ದಬ್ಬೆ ಮನೆಯಲ್ಲೇ ಇತ್ತು, ಗಟ್ಟಿ, ನೋಡಲು ಕಡಲತೀರದ ಹಳೇ ಮರದ ಹಾಗೇ ಇದೆ. ಇದು ಎಷ್ಟು ದೊಡ್ಡ ತಪ್ಪು ಎಂದು ಆಮೇಲೆ ತಿಳಿಯಿತು. ಕೆಳಗೆ ಹೊಳೆಯಿಂದ ತಂದು ಜರಡಿ ಹಿಡಿದ ಸಣ್ಣ ಕಲ್ಲು.

ಮೊದಲ ಓಟದಲ್ಲೇ ಗಾಡಿ ಓಡಲಿಲ್ಲ. ಹಳಿಯ ಮೇಲೆ ಇಟ್ಟ ಕೂಡಲೇ ಅಡಾಪ್ಟರಿನ ದೀಪ ಆರಿತು. ಎರಡು ಹಳಿಗೂ ಬೇರೆ ಬೇರೆ ಕರೆಂಟು ಇರುವಾಗ ಎಡ ಚಕ್ರ, ಬಲ ಚಕ್ರ ಒಂದಕ್ಕೊಂದು ವಿದ್ಯುತ್ತಿನಲ್ಲಿ ತಾಗಬಾರದು. ಅದಕ್ಕೆ ಒಂದು ಕಡೆಯ ಚಕ್ರದೊಳಗೆ ನೈಲಾನ್ ಬುಶ್ ಹಾಕಿಸಿದ್ದೆ. ದೊಡ್ಡಪ್ಪ ಅಚ್ಚನ್ನು ಕೈಯಲ್ಲಿ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿ ಚಿಮಟದ ತುದಿಯಿಂದ ಒಂದು ಕಡೆ ತೋರಿಸಿದರು. ಬುಶ್ ಒತ್ತಿ ಕೂರಿಸುವಾಗ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು, ಆ ಸೀಳಿನೊಳಗೆ ಲೇತಿನ ಹಿತ್ತಾಳೆ ಪುಡಿ ಕೂತು ಸೇತುವೆ ಕಟ್ಟಿತ್ತು. ಹೊಸ ಬುಶ್, ಈ ಸಲ ಒತ್ತದೆ ಅಂಟಿನಲ್ಲಿ ಕೂರಿಸಿದ್ದು. ಮರುದಿನ ಗಾಡಿ ಓಡಿತು. ಮೀಟರಿನಲ್ಲಿ 0.15 ಆಂಪಿಯರ್. ಒಣ ಹಳಿಯ ಮೇಲೆ ಗಾಡಿ ಇಲ್ಲದೆ ನೋಡಿದರೆ ಸೊನ್ನೆ.

ಆ ದಿನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ದೊಡ್ಡಪ್ಪ ಹಾಗೆ ಅಂದುಕೊಳ್ಳಲಿಲ್ಲ.

“ಇದು ಅಂಗಳದ ರೈಲು ಆಯ್ತು. ಅವರದ್ದು ಸಮುದ್ರದ ಬದಿಯಲ್ಲಿ ಅಲ್ವಾ? ಉಪ್ಪುನೀರು ಹಾಕಿ ನೋಡು ಮಾರಾಯ, ಆಗ ಗೊತ್ತಾಗ್ತದೆ.”

ನಮ್ಮ ಮನೆಯ ಕಿಟಕಿ ಸರಳುಗಳನ್ನು ನೋಡಿದರೆ ಅವರು ಯಾಕೆ ಹಾಗೆಂದರು ಎಂದು ತಿಳಿಯುತ್ತದೆ. ಎಷ್ಟು ಬಣ್ಣ ಬಳಿದರೂ ಎರಡು ಮಳೆಗಾಲಕ್ಕೆ ತುಕ್ಕು ಹೊಟ್ಟೆ ಬಿಟ್ಟುಕೊಂಡು ಬರುತ್ತದೆ. ಬೈಕಿನಲ್ಲಿ ಮಲ್ಪೆಗೆ ಹೋಗಿ ಎರಡು ಕ್ಯಾನ್ ಸಮುದ್ರದ ನೀರು ತಂದೆ.

ಮೊದಲು ಹೋಲಿಕೆಗೆ ಬಾವಿ ನೀರು ಚಿಮುಕಿಸಿದೆವು. ಗಾಡಿ ಇಲ್ಲದೆ ಮೀಟರು ಒಂದಿಷ್ಟೇ ಅಲುಗಿತು, ಕೆಲವು ಮಿಲಿ ಆಂಪಿಯರ್. ಒಣಗಿಸಿ, ಸಂಜೆ ಸಮುದ್ರದ ನೀರು ಸುರಿದೆವು. ಹಳಿಯ ಮೇಲೆ ಏನೂ ಇಲ್ಲ, ಮೀಟರಿನಲ್ಲಿ 0.31. ಗಾಡಿ ಓಡಲು ಬೇಕಾದದ್ದರ ಎರಡು ಪಾಲು ಕರೆಂಟು ಸುಮ್ಮನೆ ಸ್ಲೀಪರುಗಳ ಮೇಲಿನಿಂದ ಸೋರಿ ಹೋಗುತ್ತಿದೆ. ಅಡಿಕೆ ದಬ್ಬೆ ನೀರನ್ನು ಹೀರಿ ಕುಡಿದು ಕೂತಿತ್ತು. ಇನ್ನೂ ಸುರಿದು ಕಲ್ಲುಗಳ ನಡುವೆ ನೀರು ಹಳಿಯ ಬುಡಕ್ಕೆ ಬಂದಾಗ ಅಡಾಪ್ಟರು ಮತ್ತೆ ಮಲಗಿತು.

ಆಗ ಬಗ್ಗಿ ನೋಡಿದ್ದು ಮರೆಯುವುದಿಲ್ಲ. ಋಣದ ಹಳಿಯ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಎದುರಿನ ಧನದ ಹಳಿಯಲ್ಲಿ ಗುಳ್ಳೆ ಕಡಿಮೆ, ಆದರೆ ಹಿತ್ತಾಳೆಯ ಬುಡ ಮಂಕಾಗಿ, ಅಲ್ಲಿಂದ ನೀಲಿಹಸಿರು ನೀರು ಹೊಗೆಯ ಹಾಗೆ ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಬಟ್ಟೆ ಒಗೆಯುವ ಬ್ಲೀಚಿನ ಸಣ್ಣ ವಾಸನೆ. ಅದು ಉಪ್ಪಿನಿಂದ ಬರುವ ಕ್ಲೋರಿನ್, ಆದ್ದರಿಂದ ಇದನ್ನು ಮಾಡಿ ನೋಡುವವರು ಬಯಲಲ್ಲೇ ಮಾಡಿ, ಮುಖ ಹತ್ತಿರ ಒಯ್ಯಬೇಡಿ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಹಳಿಯ ಮೈಯೆಲ್ಲ ಕಿಲುಬು. ತಿಕ್ಕದೆ ಬಿಟ್ಟ ದೇವರ ದೀಪದ ಹಾಗೆ. ಇನ್ನೊಂದು ಹಳಿ ಹೊಳೆಯುತ್ತಲೇ ಇತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಾಗ ಕಿಲುಬು ಹೋಯಿತು, ಆದರೆ ಉಗುರಿಗೆ ಸಿಗುವಷ್ಟು ಗುಳಿಗಳು ಹಾಗೇ ಉಳಿದವು. ಒಂದೇ ಸಂಜೆಯಲ್ಲಿ ಕರೆಂಟು ಲೋಹವನ್ನು ತಿಂದಿತ್ತು.

ಬ್ರೈಟನ್‌ನಲ್ಲಿ ಫಲಕದ ಮುಂದೆ ನಿಂತಾಗ ನನಗೆ ದೊಡ್ಡದಾಗಿ ಕಂಡದ್ದು ‘ಎಲ್ಲಕ್ಕಿಂತ ಹಳೆಯದು’ ಎಂಬ ಮಾತು. ಈ ಕಿಲುಬು ತಿಕ್ಕುವಾಗ ಬೇರೆಯದೇ ದೊಡ್ಡದಾಗಿ ಕಂಡಿತು. ವೋಲ್ಕ್ ಈ ಸೋರಿಕೆಯನ್ನು ಒಂದು ಸಂಜೆಯಲ್ಲ, ದಿನವೂ ಕಂಡವರು. ಆಗ ಅವರ ಹಳಿಯ ಬಹುಭಾಗ ಮರದ ಕಂಬಗಳ ಮೇಲೆ ತೀರದಿಂದ ಎತ್ತರದಲ್ಲಿತ್ತು, ಬಿರುಗಾಳಿ ಎದ್ದರೆ ಅಲೆ ಅದರ ಮೇಲೇ ಬಂದು ಬೀಳುತ್ತಿತ್ತು. ಇವತ್ತು ನೆಲದ ಮೇಲೆ ಓಡುವ ಹಾಗೆ ಕಾಣುವುದು, ಕಡಲಿಗೆ ಅಡ್ಡ ಕಟ್ಟಿದ ತಡೆಗೋಡೆಗಳಿಂದ ವರ್ಷಗಟ್ಟಲೆ ಬೆಣಚುಕಲ್ಲು ತುಂಬಿ ತೀರವೇ ಮೇಲೆ ಬಂದದ್ದರಿಂದ. 1883ರಲ್ಲಿ ಹಳಿ ಹಾಕಿದರು, 1884ರಲ್ಲಿ ಬಿಚ್ಚಿ ಅಗಲ ಮಾಡಿದರು, 1886ರಲ್ಲಿ ಮೂರನೇ ಹಳಿ ಸೇರಿಸಿದರು. ಮೂರು ವರ್ಷದಲ್ಲಿ ಎರಡು ಸಲ ತಮ್ಮದೇ ಕೆಲಸವನ್ನು ತಾವೇ ತಿದ್ದಿದರು. ನಾನು ಅವರನ್ನು ಮೆಚ್ಚುವುದು ಅದಕ್ಕೆ.

ಕಡಲಿನ ಮೇಲೆ ಅವರಿಗಿದ್ದ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. 1896ರ ನವೆಂಬರ್ 28ರಂದು ಇನ್ನೊಂದು ರೈಲು ಶುರು ಮಾಡಿದರು. ಅದರ ಹಳಿ ಇದ್ದದ್ದು ಸಮುದ್ರದ ತಳದಲ್ಲಿ. 23 ಅಡಿ ಉದ್ದದ ನಾಲ್ಕು ಕಾಲುಗಳ ಮೇಲೆ ಹಡಗಿನ ಅಟ್ಟದಂಥ ಗಾಡಿ, ಹೆಸರು ಪಯೊನಿಯರ್, ತೂಕ 45 ಟನ್. ಕರೆಂಟು ಈ ಸಲ ಮೇಲಿನ ತಂತಿಯಿಂದ. ಜನ ಅದಕ್ಕೆ ಡ್ಯಾಡಿ ಲಾಂಗ್‌ಲೆಗ್ಸ್ ಎಂದು ಹೆಸರಿಟ್ಟರು. ಅದರಲ್ಲಿ ಒಬ್ಬ ಹಡಗಿನ ಕ್ಯಾಪ್ಟನ್ ಮತ್ತು ಜೀವರಕ್ಷಕ ದೋಣಿ ಇರಲೇಬೇಕಿತ್ತು. ಶುರುವಾಗಿ ಒಂದು ವಾರ ಆಗುವಷ್ಟರಲ್ಲಿ, ಡಿಸೆಂಬರ್ 4ರ ರಾತ್ರಿ, ಬಿರುಗಾಳಿ ಅದನ್ನು ಕೆಡವಿ ಹಾಕಿತು. ವೋಲ್ಕ್ ಎತ್ತಿ ನಿಲ್ಲಿಸಿ ಮತ್ತೆ ಕಟ್ಟಿಸಿದರು, ಮುಂದಿನ ಜುಲೈಗೆ ಮತ್ತೆ ಓಡಿತು. ಭರತದ ಸಮಯದಲ್ಲಿ ಮಾತ್ರ ನೀರನ್ನು ಸೀಳಿಕೊಂಡು ಹೋಗಲು ಮೋಟಾರಿಗೆ ಬಲ ಸಾಲದೆ ತೆವಳುತ್ತಿತ್ತು. 1901ರಲ್ಲಿ ತೀರದ ತಡೆಗೋಡೆಗಳನ್ನು ಉದ್ದ ಮಾಡಬೇಕಾಗಿ ಬಂದು ಹಳಿಯನ್ನು ಇನ್ನೂ ಆಳಕ್ಕೆ ಸರಿಸಬೇಕಾಯಿತು. ಅದಕ್ಕೆ ದುಡ್ಡು ಇರಲಿಲ್ಲ, ನಿಂತುಹೋಯಿತು. ಈ ಕಥೆ ಕೇಳಿ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. “ಬಿದ್ದದ್ದನ್ನು ಎತ್ತಿ ಮತ್ತೆ ಓಡಿಸಿದರಲ್ಲ” ಎಂದು ಮಾತ್ರ ಅಂದರು.

ಇನ್ನು ನಮ್ಮ ಮೂರನೇ ಹಳಿ. ಯೋಚನೆ ಹೀಗೆ: ಎರಡು ಓಟದ ಹಳಿಗಳನ್ನೂ ಋಣಕ್ಕೆ ಕೊಡುವುದು, ಧನಕ್ಕೆ ಬೇರೆ ಹಳಿ ಹಾಕಿ ಅದನ್ನು ಸ್ಲೀಪರಿಗೆ ತಾಗದಂತೆ ಎತ್ತಿ ನಿಲ್ಲಿಸುವುದು. ಆಗ ಸೋರಬೇಕಾದ ಕರೆಂಟು ಆ ನಿಲುವುಗಳ ಮೈಮೇಲಿಂದಲೇ ಇಳಿದು ಬರಬೇಕು, ಬೇರೆ ದಾರಿ ಇಲ್ಲ. ವೋಲ್ಕ್ ಹಾಕಿದ್ದೂ ಓಟದ ಹಳಿಗಳ ನಡುವೆ, ಮಧ್ಯದಿಂದ ಸ್ವಲ್ಪ ಒಂದು ಪಕ್ಕಕ್ಕೆ.

ನಿಲುವಿಗೆ ಏನು? ಮೊದಲು ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕಿದೆ. ಅದರ ಅಂಚಿನಲ್ಲಿ ನೀರು ನಿಂತು 0.12 ಸೋರಿತು. ಆಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿಯಲ್ಲಿ ಒಂದು ಡಬ್ಬಿ ಕಣ್ಣಿಗೆ ಬಿತ್ತು: ಹೀಟರಿನ ಬಿಸಿ ತಂತಿಗೆ ಪೋಣಿಸುವ ಪಿಂಗಾಣಿ ಮಣಿ. ಒಂದು ಹಿಡಿ ತಂದೆ. ನಾಲ್ಕು ಸ್ಲೀಪರಿಗೊಂದರಂತೆ ಎರಡೆರಡು ಮಣಿ ಒಂದರ ಮೇಲೊಂದು, ಕೆಳಗೆ ಸ್ಲೀಪರಿಗೆ ಸಣ್ಣ ಸ್ಕ್ರೂ, ಮೇಲೆ ಹಳಿಗೆ ಅಂಟು. ಸ್ಕ್ರೂ ತಲೆ ಕೆಳಗಿನ ಮಣಿಯೊಳಗೇ ನಿಲ್ಲಬೇಕು, ಮೇಲಿನ ಹಳಿಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಮಣಿ ಸೇರುವ ಕಡೆ ಬೀಳುವ ಕುತ್ತಿಗೆಯಲ್ಲಿ ನೀರು ನಿಲ್ಲದೆ ಹನಿಯಾಗಿ ಇಳಿದುಬಿಡುತ್ತದೆ. ಕರೆಂಟು ಕಂಬದ ಮೇಲಿನ ಪಿಂಗಾಣಿಗೆ ಆ ಕೊಡೆಯ ಆಕಾರ ಯಾಕೆ ಎಂದು ಕೈಯಾರೆ ಕಲಿತದ್ದು ಅವತ್ತೇ.

ಗಾಡಿಯ ಕೆಳಗೆ ಮೂರನೇ ಹಳಿಯನ್ನು ಉಜ್ಜಿಕೊಂಡು ಹೋಗುವ ಒಂದು ಪಾದುಕೆ ಬೇಕು. ನಾನು ಗಡಿಯಾರದ ಹಳೇ ಸ್ಪ್ರಿಂಗು ಕೇಳಿದೆ, ದೊಡ್ಡಪ್ಪ ಕೊಡಲಿಲ್ಲ. “ಅದು ಉಕ್ಕು. ಉಪ್ಪಿಗೆ ಒಂದು ವಾರ ನಿಲ್ಲುವುದಿಲ್ಲ” ಎಂದು ಡ್ರಾಯರ್ ಹುಡುಕಿ ಹಳೆಯ ರಿಲೇಯೊಂದರ ಫಾಸ್ಫರ್ ಬ್ರಾಂಜ್ ಪಟ್ಟಿ ತೆಗೆದರು. ಅದನ್ನು ತುದಿಯಲ್ಲಿ ಉಗುರಿನಷ್ಟು ಬಗ್ಗಿಸಿ, ಒತ್ತಡ ಎಷ್ಟಿರಬೇಕೆಂದು ಅವರೇ ಬೆರಳಲ್ಲಿ ನೋಡಿ ನೋಡಿ ಸರಿ ಮಾಡಿದರು. ಹೆಚ್ಚಾದರೆ ಗಾಡಿ ಹಳಿಯಿಂದ ಏಳುತ್ತದೆ, ಕಡಿಮೆಯಾದರೆ ಕಿಡಿ. ಆರು ಸಲ ಬಗ್ಗಿಸಿದ ಮೇಲೆ ಕೂತಿತು. ಇನ್ನೊಂದು ಲಾಭವೂ ಆಯಿತು: ಎರಡೂ ಓಟದ ಹಳಿ ಈಗ ಒಂದೇ ಕಡೆಯವು, ಹಾಗಾಗಿ ಚಕ್ರದ ನೈಲಾನ್ ಬುಶ್ಶಿನ ತಲೆನೋವೇ ಇಲ್ಲ. ಮೊದಲ ವಾರ ನನ್ನನ್ನು ಕಾಡಿದ ಭಾಗವನ್ನು ಕಿತ್ತು ಡಬ್ಬಿಗೆ ಹಾಕಿದೆ.

ಅಡಿಕೆ ದಬ್ಬೆಗಳನ್ನೂ ಬಿಚ್ಚಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಗೇರೆಣ್ಣೆ ಎರಡು ಕೋಟು ಬಳಿದೆ. ದೋಣಿಗೆ ಹಚ್ಚುವ ಅದೇ ಗೇರೆಣ್ಣೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕೈಗವಸು ಹಾಕದೆ ಮುಟ್ಟಬೇಡಿ.

ನಿನ್ನೆ ಸಂಜೆ ಉಳಿದ ಕ್ಯಾನಿನ ನೀರನ್ನು ಹೂವಿನ ಗಿಡಕ್ಕೆ ಹಾಕುವ ಝಾರಿಯಲ್ಲಿ ಸುರಿದೆವು. ಹಳಿ, ಕಲ್ಲು, ಸ್ಲೀಪರು ಎಲ್ಲ ತೊಟ್ಟಿಕ್ಕುತ್ತಿತ್ತು. ಗಾಡಿ ಇಲ್ಲದೆ ಮೀಟರು ನೋಡಿದೆ: 0.02. ಎರಡು ನಿಮಿಷ ಬಿಟ್ಟು ನೋಡಿದರೆ 0.01. ಗಾಡಿ ಇಟ್ಟೆವು. ಪಾದುಕೆ ಹಳಿಯನ್ನು ಮುಟ್ಟಿದಾಗ ಸಣ್ಣದೊಂದು ನೀಲಿ ಕಿಡಿ, ಆಮೇಲೆ ಗೇರಿನ ಗುರ್ರ್ ಸದ್ದು, ಆಮೇಲೆ ಒದ್ದೆ ಹಳಿಯ ಮೇಲೆ ಚಕ್ರ ನೀರನ್ನು ಸರಿಸುವ ಸೂಕ್ಷ್ಮ ಸದ್ದು. ಆ ಸದ್ದು ನನಗೆ ಪರಿಚಯದ್ದು. ಬ್ರೈಟನ್‌ನಲ್ಲಿ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ, ಇಡೀ ಗಾಡಿಯಲ್ಲಿ ನಾನೊಬ್ಬನೇ ಕೂತು ಬ್ಲ್ಯಾಕ್ ರಾಕ್‌ಗೆ ಹೋಗಿದ್ದೆ. ಚಾಲಕರು ತಿರುಗಿ ನೋಡಿ ನಕ್ಕಿದ್ದರು. ಚಳಿಗೆ ಬೆಂಚು ಮಂಜುಗಡ್ಡೆಯಂತಿತ್ತು.

ಆ ಬ್ಲ್ಯಾಕ್ ರಾಕ್‌ನಲ್ಲಿ 1937ರ ಮೇ ತಿಂಗಳಲ್ಲಿ ಹೊಸ ನಿಲ್ದಾಣ ತೆರೆದಾಗ ವೋಲ್ಕ್ ಅಲ್ಲಿದ್ದರು. ಅದೇ ತಿಂಗಳ 20ರಂದು ತೀರಿಕೊಂಡರು. ಊರಿನ ಹತ್ತಿರವೇ ಓವಿಂಗ್ಡೀನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. 1940ರಲ್ಲಿ ರೈಲನ್ನು ನಗರಾಡಳಿತ ವಹಿಸಿಕೊಂಡಿತು, ಯುದ್ಧ ಬಂದು ಕಡಲತೀರವೇ ಮುಚ್ಚಿತು, ಹಳಿ ಹಾಳಾಯಿತು. 1948ರಲ್ಲಿ ಹೊಸ ಹಳಿ ಹಾಕಿ ಮತ್ತೆ ಓಡಿಸಿದರು. ಈಗಲೂ ಊರಿನ ಸ್ವಯಂಸೇವಕರು ಅದರ ಜೊತೆ ನಿಂತಿದ್ದಾರೆ.

ನಮ್ಮ ಹಳಿಯಲ್ಲಿ ಇನ್ನೂ ಒಂದು ದೋಷ ಉಳಿದಿದೆ. ಮೂರನೇ ಹಳಿಯನ್ನು ಎರಡು ತುಂಡಿನಿಂದ ಮಾಡಿದ್ದೇನೆ, ಜೋಡಣೆಯಲ್ಲಿ ಬರೀ ತಗಡು ಒತ್ತಿ ಇಟ್ಟದ್ದು. ಅದರೊಳಗೆ ಆಗಲೇ ಹಸಿರು ಕಾಣಿಸುತ್ತಿದೆ. ಹದಿನಾಲ್ಕನೇ ಸುತ್ತಿನಲ್ಲಿ ಗಾಡಿ ಅಲ್ಲಿ ಒಂದು ಕ್ಷಣ ತಡವರಿಸಿತು. ದೊಡ್ಡಪ್ಪನಿಗೂ ಕಂಡಿತು, ಏನೂ ಹೇಳದೆ ಬೆರಳು ತೋರಿಸಿದರು. ಬರುವ ಭಾನುವಾರ ಅದನ್ನು ಬಿಚ್ಚಿ, ತಿಕ್ಕಿ, ಬೆಸುಗೆ ಹಾಕಬೇಕು. ಸೀಸ ಮನೆಯಲ್ಲಿದೆ, ಬೆಸುಗೆಯ ಪೇಸ್ಟು ಮುಗಿದಿದೆ. ಸೋಮವಾರ ಪೇಟೆಗೆ ಹೋದಾಗ ತರಬೇಕು.